ಕಾಕಾನ ನಾಲ್ಕು ರೇಸ್ ಸೈಕಲ್ಲು

ನಮ್ಮ ಕಾಕಾ ಹೆಂಡತಿಯನ್ನು ಆರಿಸಿದ್ದು ಒಂದು ಕಪ್ ಚಹಾ ಆರುವಷ್ಟರಲ್ಲಿ. ಸೈಕಲ್ ಆರಿಸಲು ಮಾತ್ರ ಅವರಿಗೆ ದಿನಾ ಮುಂಜಾನೆ ಒಂದೂವರೆ ತಾಸು ಬೇಕಾಗುತ್ತಿತ್ತು. ನಾನು ಹೆಚ್ಚು ಮಾಡಿ ಹೇಳುತ್ತಿದ್ದೇನೆ ಅನಿಸಿದರೆ, ಎಂಬತ್ತರ ದಶಕದಲ್ಲಿ ಸಿಂಧನೂರಿನ ನಮ್ಮ ಓಣಿಯಲ್ಲಿದ್ದ ಯಾರನ್ನಾದರೂ ಕೇಳಿ ನೋಡಿ. ಜೋಳದ ಡಬ್ಬಿ ಹೊತ್ತು ಕಾಕಾನ ಗಿರಣಿ ಮುಂದೆ ಕಾದು ನಿಂತ ಹೆಂಗಸರು ಸಿಕ್ಕರಂತೂ ಒಂದೂವರೆ ಅಲ್ಲ, ಎರಡು ತಾಸು ಎಂದೇ ಹೇಳುತ್ತಾರೆ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಬಳಗಾನೂರಿನಿಂದ ಬಂದ ನಾನು ಹೈಸ್ಕೂಲಿನಿಂದ ಡಿಗ್ರಿಯವರೆಗೆ ಓದಿದ್ದು ಅವರ ಮನೆಯಲ್ಲಿ ಉಂಡುಕೊಂಡು. ಮಕ್ಕಳಿಲ್ಲದ ಕಾಕಾ ಮತ್ತು ಚಿಗವ್ವನಿಗೆ ನಾನೇ ಮಗ. ಅವರ ಆಸ್ತಿ ಒಂದು ಹಿಟ್ಟಿನ ಗಿರಣಿ ಮತ್ತು ನಾಲ್ಕು ಸೈಕಲ್ಲು.

ಸಾದಾ ಸೈಕಲ್ಲುಗಳಲ್ಲ ಅವು. ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲಿನ, ಬೆರಳು ದಪ್ಪದ ಟಾಯರಿನ ಹಳೆಯ ರೇಸ್ ಸೈಕಲ್ಲುಗಳು. ವಿಜಾಪುರ, ಜಮಖಂಡಿ ಕಡೆ ಸೈಕಲ್ ರೇಸಿನ ಹುಚ್ಚು ಹೆಚ್ಚು. ಅಲ್ಲಿ ಯಾರದೋ ಮೊಳಕಾಲು ಸೋತು ಸೈಕಲ್ಲು ಮೂಲೆ ಸೇರಿದೆ ಎಂಬ ಸುದ್ದಿ ಕಾಕಾನಿಗೆ ಹೇಗೋ ಮುಟ್ಟುತ್ತಿತ್ತು. ಬಸ್ಸು ಹತ್ತಿ ಹೋಗುತ್ತಿದ್ದರು. ಬರುವಾಗ ಅದನ್ನು ಬಸ್ಸಿನ ಮೇಲೆ ಮಲಗಿಸಿ, ಒಳಗೆ ಸೀಟು ಖಾಲಿ ಇದ್ದರೂ ತಾವೂ ಮೇಲೆ ಅದರ ಪಕ್ಕದಲ್ಲೇ ಕೂತು ಬರುತ್ತಿದ್ದರು. ಹೀಗೆ ಕೂಡಿದವು ಒಂದು ಕೆಂಪು, ಒಂದು ಹಸಿರು, ಒಂದು ಕರಿದು. ನಾಲ್ಕನೆಯದಕ್ಕೆ ಬಣ್ಣವೇ ಉಳಿದಿರಲಿಲ್ಲ. ಅದನ್ನು ಕಾಕಾ ‘ಹಿರೇರು’ ಎನ್ನುತ್ತಿದ್ದರು.

ಬೆಳಗಾದರೆ ನಾಲ್ಕನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಒಂದೊಂದನ್ನೇ ಎರಡು ಬೆರಳಿನಿಂದ ಎತ್ತಿ ತೂಗುವುದು, ಗಾಲಿ ತಿರುಗಿಸಿ ಕಿವಿ ಹಚ್ಚುವುದು, ಚಿಟಿಕೆ ಮಣ್ಣು ತೂರಿ ಗಾಳಿ ಯಾವ ದಿಕ್ಕಿನದೆಂದು ನೋಡುವುದು. ಇಷ್ಟೆಲ್ಲ ಮಾಡಿ ಹೋಗಬೇಕಾಗಿದ್ದು ಎಲ್ಲಿಗೆ? ಮೂರು ಓಣಿ ಆಚೆಗಿದ್ದ ಗಿರಣಿಗೆ.

“ನನ್ನ ನೋಡಾಕ ಬಂದಾಗ ಚಾ ಆರೂದರಾಗ ಹ್ಞೂ ಅಂದಿದ್ರಿ. ಈ ಕಬ್ಬಿಣದ ಮುಂದ ಮಾತ್ರ ದೀಡ್ ತಾಸು ನಿಂದರ್ತೀರಿ” ಎನ್ನುತ್ತಿದ್ದಳು ಚಿಗವ್ವ.

“ಅವತ್ತ ನೀ ಒಬ್ಬಾಕಿನ ಇದ್ದಿ. ಇವು ನಾಕ ಅದಾವು” ಎನ್ನುತ್ತಿದ್ದರು ಕಾಕಾ, ಗಾಲಿಯಿಂದ ಕಿವಿ ತೆಗೆಯದೆ.

ಚಿಗವ್ವ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದೇ ಹೋಗಿ ಗಿರಣಿ ಚಾಲೂ ಮಾಡುತ್ತಿದ್ದಳು. ಕಾಕಾ ಹೋಗಿ ಮುಟ್ಟುವ ಹೊತ್ತಿಗೆ ಅರ್ಧ ಸಾಲು ಕರಗಿರುತ್ತಿತ್ತು.

ಇಷ್ಟು ಸೈಕಲ್ಲಿದ್ದವರು ರೇಸಿಗೆ ಹೋಗಲಿಲ್ಲವೇ? ಹೋದರು, ಒಂದೇ ಸಲ. ಮಸ್ಕಿಯಿಂದ ಸಿಂಧನೂರಿಗೆ ಸೈಕಲ್ ರೇಸ್ ಇಟ್ಟಿದ್ದರು. ಕಾಕಾ ತಿಂಗಳು ಮೊದಲೇ ಹೆಸರು ಕೊಟ್ಟಿದ್ದರು. ಆ ದಿನ ಎದುರುಗಾಳಿ ಎಂದು ಕೆಂಪನ್ನು ತೆಗೆದರು, ರಸ್ತೆ ಹಾಳಾಗಿದೆ ಎಂದು ಹಸಿರಿಗೆ ಬದಲಿಸಿದರು, ಹಿರೇರಿಗೆ ಬೇಸರವಾದೀತು ಎಂದು ಮತ್ತೆ ನಿಂತರು. ಕೊನೆಗೆ ಕರಿದನ್ನು ಹಿಡಿದು ಊರ ಹೊರಗೆ ಬಂದಾಗ ಮಸ್ಕಿಯಿಂದ ಹೊರಟವರು ಎದುರಿಗೇ ಬಂದರು. ಕಾಕಾ ಬದಿಗೆ ನಿಂತು, ಗೆದ್ದವನಿಗೆ ಚಪ್ಪಾಳೆ ಹೊಡೆದು ಮನೆಗೆ ಬಂದರು. ಬೇಸರವೇನೂ ಇರಲಿಲ್ಲ. “ಗೆದ್ದಾವನ ಸಾಯಕಲ್ ನೋಡಿದೆ. ನಮ್ಮ ಕೆಂಪ ಸಾಯಕಲ್ ಮುಂದ ಏನೂ ಅಲ್ಲ” ಎಂದರು.

ಗೊರೇಬಾಳದಲ್ಲಿ ಬೀಗರೊಬ್ಬರು ತೀರಿಕೊಂಡಾಗ ಇದಕ್ಕಿಂತ ಕಷ್ಟವಾಯಿತು. ಮಣ್ಣು ಮುಗಿದು, ಜನ ಕೈಕಾಲು ತೊಳೆದು ಕೂತಾಗ ಕಾಕಾ ಬಂದರು. ಎಲ್ಲರೂ ಅವರನ್ನೇ ನೋಡಿದರು. ಕಾಕಾ ಮೆಲ್ಲನೆ ಹೇಳಿದರು: “ಕರೀದು ಪಂಕ್ಚರ್ ಆಗಿತ್ತು. ಕೆಂಪ ಸಾಯಕಲ್ ಮ್ಯಾಲೆ ಸತ್ತವರ ಮನಿಗೆ ಹೆಂಗ ಬರೂದು?” ಯಾರೋ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ನಾನು ಕೂತಲ್ಲೇ ಇಂಗಿ ಹೋದೆ.

ಓದುಗರು ನಗುತ್ತಿರಬಹುದು. ನಾನು ಆಗ ನಗುತ್ತಿರಲಿಲ್ಲ. ಮೊಳಕಾಲವರೆಗಿನ ಖಾಕಿ ಚಡ್ಡಿ ಹಾಕಿಕೊಂಡು, ಬೆನ್ನು ಬಗ್ಗಿಸಿ, ಮೂಗು ಹ್ಯಾಂಡಲ್ಲಿಗೆ ತಾಗಿಸಿ ಐವತ್ತರ ಸಮೀಪದ ಮನುಷ್ಯನೊಬ್ಬ ಬಜಾರಿನಲ್ಲಿ ಹೋಗುತ್ತಿದ್ದರೆ, “ಹೊಟ್ಟಿ ನೋವೇನೋ ಪಾಪ” ಎಂದು ನನ್ನ ಗೆಳೆಯರೇ ಹೇಳುತ್ತಿದ್ದರು. ನಾನೂ ಅವರ ಜೊತೆ ನಕ್ಕು, ಅಂಗಡಿಯ ಮರೆಗೆ ಸರಿಯುತ್ತಿದ್ದೆ. ಓದು ಮುಗಿಸಿ ಈ ಊರಿನಿಂದ ದೂರ ನೌಕರಿ ಸಿಕ್ಕರೆ ಸಾಕು ಎಂದು ಬೇಡಿಕೊಂಡಿದ್ದೆ.

ಸಿಕ್ಕಿತು. ಗುರುಗುಂಟಾದ ಕಡೆ ಒಂದು ಹಳ್ಳಿಯ ಶಾಲೆಯಲ್ಲಿ ಮಾಸ್ತರಿಕೆ. ಲಿಂಗಸುಗೂರಿನಲ್ಲಿ ಕೋಣೆ ಹಿಡಿದೆ. ಬಸ್ಸು ನನ್ನನ್ನು ಕ್ರಾಸಿನಲ್ಲಿ ಇಳಿಸಿ ಹೋಗುತ್ತಿತ್ತು. ಅಲ್ಲಿಂದ ಕಲ್ಲಿನ ದಾರಿಯಲ್ಲಿ ಒಂದು ತಾಸು ನಡೆಯಬೇಕು. ದಿನಾ ತಡವಾಗಿ, ಹೆಡ್‌ಮಾಸ್ತರು ಎಲ್ಲರೆದುರು ಕೇಳುವಂತಾಯಿತು. ಕಾಕಾನಿಗೆ ಕಾಗದ ಬರೆಯುವಾಗ ಈ ಸಂಕಟವನ್ನೂ ಒಂದು ಸಾಲಿನಲ್ಲಿ ಬರೆದಿದ್ದೆ. ಸುಮ್ಮನೆ ಬರೆದದ್ದು.

ನಾಲ್ಕು ದಿನ ಬಿಟ್ಟು, ಮಧ್ಯಾಹ್ನದ ಬಿಡುವಿನಲ್ಲಿ ನಾವೆಲ್ಲ ಮಾಸ್ತರು ಬೇವಿನ ಮರದ ಕೆಳಗೆ ಕೂತಿದ್ದಾಗ, ಮಕ್ಕಳು ಒಮ್ಮೆಲೇ ಕೇಕೆ ಹಾಕಿದರು. ನೋಡಿದರೆ ಕಾಕಾ. ಸಿಂಧನೂರಿನಿಂದ ಮಸ್ಕಿ ಹಾಯ್ದು, ಲಿಂಗಸುಗೂರು ದಾಟಿ, ಕೆಂಪು ಸೈಕಲ್ಲು ತುಳಿದುಕೊಂಡೇ ಬಂದಿದ್ದರು. ಅದೇ ಖಾಕಿ ಚಡ್ಡಿ. ಹುಬ್ಬು, ಮೀಸೆ ಎಲ್ಲ ಕೆಂಪು ಧೂಳು. ಹ್ಯಾಂಡಲ್ಲಿಗೆ ಬಟ್ಟೆಯ ಗಂಟೊಂದು ನೇತಾಡುತ್ತಿತ್ತು. ಮಕ್ಕಳು ಹಿಂದೆ ಓಡಿ ಬರುತ್ತಿದ್ದರು. ನನ್ನನ್ನು ಕಂಡದ್ದೇ ಕಾಕಾನ ಮುಖ ಅರಳಿತು.

ಹೆಡ್‌ಮಾಸ್ತರು ನನ್ನತ್ತ ತಿರುಗಿದರು. “ಯಾರ್ರೀ ಇವರು? ನಿಮ್ಮ ಪೈಕಿಯವರೇನು?”

ಒಂದು ಕ್ಷಣ. ಅಷ್ಟರಲ್ಲಿ ನಾನು ಏನು ಬೇಕಾದರೂ ಹೇಳಬಹುದಿತ್ತು.

“ಇಲ್ಲ ಸರ್” ಎಂದೆ. “ಸಿಂಧನೂರಿನಾಗ ಸೈಕಲ್ ರಿಪೇರಿ ಮಾಡ್ತಾರ. ಒಂದು ಹಳೇ ಸೈಕಲ್ ಹೇಳಿ ಬಂದಿದ್ದೆ.”

‘ತಮ್ಮಾ’ ಎನ್ನಲು ತೆರೆದಿದ್ದ ಕಾಕಾನ ಬಾಯಿ ಹಾಗೇ ನಿಂತಿತು. ಅವರು ನನ್ನನ್ನು ನೋಡಿದರು, ಹೆಡ್‌ಮಾಸ್ತರನ್ನು ನೋಡಿದರು. ಆಮೇಲೆ ತಲೆಯ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡು, “ಹೌದ್ರೀ ಸರ. ರಿಪೇರಿಯವರು ನಾವು” ಎಂದರು.

“ಹಂಗಾರ ನಂದೊಂದು ನೋಡ್ರಿ. ಹಿಂದಿನ ಗಾಲಿ ಗಾಳಿ ಹಿಡೀವಲ್ದು” ಎಂದರು ಹೆಡ್‌ಮಾಸ್ತರು.

ಅಷ್ಟು ದೂರ ತುಳಿದು ಬಂದ ಕಾಕಾ ನೀರನ್ನೂ ಕೇಳದೆ ನೆಲದ ಮೇಲೆ ಕೂತರು. ಟ್ಯೂಬು ಎಳೆದು, ತೂತು ಹುಡುಕಿ, ಸೀಟಿನ ಹಿಂದೆ ಕಟ್ಟಿದ್ದ ಚೀಲದ ಸಾಮಾನಿನಿಂದ ತೇಪೆ ಹಚ್ಚಿದರು. ಹೆಡ್‌ಮಾಸ್ತರು ಚಹಾ ತರಿಸಿಕೊಟ್ಟರು. ಕಾಕಾ ನಿಂತುಕೊಂಡೇ ಕುಡಿದರು. ಆಮೇಲೆ ಕೆಂಪು ಸೈಕಲ್ಲನ್ನು ನನ್ನ ಮುಂದೆ ತಂದು ನಿಲ್ಲಿಸಿದರು.

“ಸೀಟು ನಿಮ್ಮ ಎತ್ತರಕ್ಕ ಇಳಿಸೀನ್ರಿ ಸರ. ಕಲ್ಲಿನ ದಾರಿ ಅಂತ ಟಾಯರ್ ತುಸು ದಪ್ಪಂದು ಹಾಕೀನಿ. ಬ್ರೇಕ್ ಎರಡೂ ಗಟ್ಟಿ ಅದಾವ್ರಿ.”

ನನ್ನನ್ನು ‘ಲೇ ತಮ್ಮಾ’ ಎಂದಲ್ಲದೆ ಬೇರೆ ರೀತಿ ಕರೆದೇ ಇರದ ಮನುಷ್ಯ. ನಾನು “ಆಯ್ತು” ಎಂದೆ. ಅವರು ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಬಸ್ಸು ಹಿಡಿಯಲು ಕ್ರಾಸಿನ ಕಡೆ ನಡೆದರು. ಬಿಸಿಲಿತ್ತು. ನಾನು ಗಂಟೆಯಾಯಿತೆಂದು ಪಾಠಕ್ಕೆ ಹೋದೆ.

ಹ್ಯಾಂಡಲ್ಲಿಗೆ ಹಾಗೇ ಬಿಟ್ಟು ಹೋದ ಗಂಟಿನಲ್ಲಿ ಚಿಗವ್ವ ಬಡಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಇತ್ತು. ಶಾಲೆ ಬಿಟ್ಟ ಮೇಲೆ ಮಾಸ್ತರೆಲ್ಲ ಹಂಚಿಕೊಂಡು ತಿಂದರು. “ರಿಪೇರಿಯವರ ಮನಿ ರೊಟ್ಟಿ ಭಾಳ ಚಲೋ ಅದಾವ್ರೀ” ಎಂದರು ಹೆಡ್‌ಮಾಸ್ತರು. ನನ್ನ ಪಾಲಿನ ರೊಟ್ಟಿಯನ್ನು ಹಾಗೇ ಬಟ್ಟೆಯಲ್ಲಿ ಕಟ್ಟಿಟ್ಟೆ.

ಆ ರವಿವಾರ ಸಿಂಧನೂರಿಗೆ ಹೋದೆ. ಕಾಲು ಹಿಡಿದು ಕ್ಷಮೆ ಕೇಳಬೇಕೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಕಾಕಾ ಗಿರಣಿಯಲ್ಲಿದ್ದರು. ಅಡುಗೆಮನೆಯಲ್ಲಿದ್ದ ಚಿಗವ್ವ ನನ್ನನ್ನು ಕಂಡು ಮಣೆ ಹಾಕಿದಳು. ಅವಳ ಮುಖದಲ್ಲಿ ಸಿಟ್ಟು ಹುಡುಕಿದೆ. ಇರಲಿಲ್ಲ.

“ನಿಮ್ಮ ಕಾಕಾಗ ಅವತ್ತಿಂದ ನೆಲದ ಮ್ಯಾಲ ಕಾಲ ಇಲ್ಲ ನೋಡು” ಎಂದಳು. “ಸಾಲ್ಯಾಗ ನಿನಗ ಭಾಳ ಮರ್ಯಾದಿ ಐತಂತ. ನೀ ಎದ್ದು ಓಡಿ ಬಂದು, ಇವರು ನಮ್ಮ ಕಾಕಾ, ನನ್ನ ಓದಿಸಿದವರು ಅಂತ ಎಲ್ಲಾರಿಗೂ ಹೇಳಿದೆಂತ. ಹೆಡ್‌ಮಾಸ್ತರು ಕುರ್ಚಿ ಹಾಕಿ ಚಾ ಕುಡಿಸಿದರಂತ. ಓಣಿ ತುಂಬ ಹೇಳಿಕೋತ ಹೊಂಟಾರ.”

ನಾನು ಗೋಡೆಯ ಕಡೆ ಮುಖ ತಿರುಗಿಸಿದೆ.

ಅಷ್ಟರಲ್ಲಿ ಕಾಕಾ ಬಂದರು, ಹುಬ್ಬಿನ ಮೇಲೆಲ್ಲ ಹಿಟ್ಟು. ಚಿಗವ್ವ ಅವರ ಮುಂದೆಯೂ ಅದೇ ಮಾತು ತೆಗೆದಳು. ಕಾಕಾ ನನ್ನ ಕಡೆ ನೋಡಲಿಲ್ಲ. “ಅದೆಲ್ಲ ಈಗ ಯಾಕ. ಹುಡುಗ ಹಸದ ಬಂದಾನ, ಊಟಕ್ಕ ಹಾಕು” ಎಂದು ಕೈ ತೊಳೆಯಲು ಬಚ್ಚಲಿಗೆ ಹೋದರು. ನಾನು ಹಿಂದೆಯೇ ಹೋಗಿ ತಂಬಿಗೆ ಎತ್ತಿ ಅವರ ಕೈಗೆ ನೀರು ಹಾಕಿದೆ. ಕೈ ಆಗಲೇ ಸ್ವಚ್ಛವಾಗಿತ್ತು. ಆದರೂ ಅವರು ತಂಬಿಗೆ ಖಾಲಿಯಾಗುವವರೆಗೆ ಅಂಗೈ ಒಡ್ಡಿಕೊಂಡೇ ನಿಂತಿದ್ದರು.

ಸೋಮವಾರ ಪ್ರಾರ್ಥನೆಗೂ ಮೊದಲು ಹೆಡ್‌ಮಾಸ್ತರ ಕೋಣೆಗೆ ಹೋಗಿ ನಿಜ ಹೇಳಿದೆ. ಅವರು ಹಾಜರಿ ಪುಸ್ತಕ ಮುಚ್ಚಿದರು. “ಅವರನ್ನ ಇನ್ನೊಮ್ಮೆ ಕರಸ್ರಿ” ಎಂದರಷ್ಟೆ. ಮುಂದಿನ ತಿಂಗಳು ಕರೆಸಿದೆ. ಕ್ರಾಸಿಗೆ ನಾನೇ ಹೋಗಿ, ಅವರನ್ನು ಬಸ್ಸಿನಿಂದ ಇಳಿಸಿಕೊಂಡು, ಒಂದೊಂದು ವರ್ಗದ ಬಾಗಿಲಲ್ಲೂ ನಿಲ್ಲಿಸಿ ಮಕ್ಕಳಿಗೆ ಹೇಳಿದೆ: ಇವರು ನಮ್ಮ ಕಾಕಾ, ನನ್ನನ್ನು ಓದಿಸಿದವರು.

ಚಿಗವ್ವನಿಗೆ ಮಾತ್ರ ಆ ಮೊದಲ ದಿನದ ನಿಜವನ್ನು ನಾನು ಇವತ್ತಿಗೂ ಹೇಳಿಲ್ಲ. ಹೇಳಿದರೆ ಕಾಕಾ ಹೇಳಿದ್ದು ಸುಳ್ಳಾಗುತ್ತದೆ.