ದೊಡ್ಡಪ್ಪ ಬಂದರೆ ನಿಲ್ಲುವ ಟ್ರ್ಯಾಕ್ಟರ್

ಆ ಬೆಳಿಗ್ಗೆ ನಾನು ಎದ್ದು ನಿಂತೆನೋ ಇಲ್ಲವೋ, ನನಗೆ ಖಚಿತವಿಲ್ಲ. ಇಲ್ಲ ಎಂದೇ ನನ್ನ ನೆನಪು ಹೇಳುತ್ತದೆ. ಆದರೆ ನನ್ನ ನೆನಪಿನ ಸಾಕ್ಷಿಯನ್ನು ಈಗ ನಮ್ಮ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಈಚೆಗೆ ನಾನೂ ಒಪ್ಪುವುದನ್ನು ಬಿಟ್ಟಿದ್ದೇನೆ. ಕೋಪ ಬಂದದ್ದು ಮಾತ್ರ ಚೆನ್ನಾಗಿ ನೆನಪಿದೆ.

ನಾನು ಅರಸೀಕೆರೆಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವವನು. ಗಂಡಸಿ ಹತ್ತಿರ ನಮ್ಮ ತೆಂಗಿನ ತೋಟ. ದೊಡ್ಡ ಟ್ರ್ಯಾಕ್ಟರ್ ಒಳಗೆ ನುಗ್ಗಿದರೆ ಗರಿ ಮುರಿಯುತ್ತದೆ, ಬೇರು ಕೀಳುತ್ತದೆ ಎಂದು ಲೆಕ್ಕ ಹಾಕಿ ಒಂದು ಮಿನಿ ಟ್ರ್ಯಾಕ್ಟರ್ ಕೊಂಡೆ. ಕೆಂಪು ಬಣ್ಣ, ಮೊಲದಂಥ ಮೈಕಟ್ಟು. ನೋಡಿದರೆ ಮುದ್ದು ಬರಬೇಕು, ಹಾಗಿತ್ತು.

ಶೋರೂಮಿನಲ್ಲಿ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ನಾನು ಬಿಡುತ್ತೇನೆಯೇ? "ಈ ಹಣ್ಣಿಗೂ ಆ ಇಂಜಿನ್ನಿಗೂ ಏನು ಸಂಬಂಧ, ಯಾರಾದರೂ ವಿವರಿಸಿ" ಎಂದು ಪೂಜಾರಿಯೊಂದಿಗೆ ವಾದಕ್ಕಿಳಿದೆ. ಅದೇ ಹೊತ್ತಿಗೆ ಪಕ್ಕದಲ್ಲಿ ಮೆಕ್ಯಾನಿಕ್ ಶಂಕರ ಯಾವುದೋ ಲಿವರು, ಸೀಟು ಅಂತ ಏನೋ ವಿವರಿಸುತ್ತಿದ್ದ. "ಗೊತ್ತಪ್ಪಾ, ಗೊತ್ತು" ಎಂದೆ. ವಾದದಲ್ಲಿ ಗೆದ್ದೆ. ಪೂಜಾರಿ ಚಹಾ ಕುಡಿಯಲು ಹೋದರು.

ಮಾರನೆಯ ಬೆಳಿಗ್ಗೆ ತೋಟಕ್ಕಿಳಿದೆ. ಹಿಂದೆ ಮಣ್ಣು ಪುಡಿ ಮಾಡುವ ರೋಟವೇಟರ್ ತಿರುಗುತ್ತಿದೆ, ಮಣ್ಣು ಅವಲಕ್ಕಿಯ ಹಾಗೆ ಉದುರುತ್ತಿದೆ. ಬೆಳಗಿನ ಬಿಸಿಲು, ನಾನು, ನನ್ನ ಯಂತ್ರ! ಅಷ್ಟರಲ್ಲಿ ದೊಡ್ಡಪ್ಪ ಬಂದರು. ನಮ್ಮಪ್ಪನ ಅಣ್ಣ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಊರುಗೋಲು. ನಮ್ಮ ತೋಟ ಹಾಯ್ದು ಆಚೆಗಿರುವ ತಮ್ಮ ರಾಗಿ ಹೊಲಕ್ಕೆ ಹೋಗಿ ಬರುವುದು ಅವರ ದಿನಚರಿ.

"ಏನ್ಲಾ ಮೇಷ್ಟ್ರೇ! ಗಾಡಿ ಬಲ್ ಜೋರಾಗೈತೆ!"

ಗುರ್... ಗುರ್ರ್... ಠಪ್. ಇಂಜಿನ್ ನಿಂತಿತು.

"ಯಾಕ್ಲಾ?"

"ಹೊಸದಲ್ವಾ ದೊಡ್ಡಪ್ಪ, ಒಗ್ಗಬೇಕು" ಎಂದೆ. ಅವರು ಹೋದರು. ಕೀಲಿ ತಿರುವಿದೆ. ಏನೂ ಆಗಿಲ್ಲವೆಂಬಂತೆ ಹೊರಟಿತು.

ಮರುದಿನ ದೊಡ್ಡಪ್ಪ ಬಂದರು. ಠಪ್. ಅದರ ಮರುದಿನವೂ ಬಂದರು. ಠಪ್!

ಆಮೇಲೆ ನಾನು ಸುಮ್ಮನಿರಲಿಲ್ಲ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದೆ ಎಂದು ತೀರ್ಮಾನಿಸಿ ಪೈಪು ಬಿಚ್ಚಿದೆ. ಗಾಳಿ ಬರಲಿಲ್ಲ, ಡೀಸೆಲ್ ಬಂತು, ನೇರವಾಗಿ ನನ್ನ ಕನ್ನಡಕಕ್ಕೆ. ಫಿಲ್ಟರ್ ತೊಳೆದೆ. ತೊಳೆಯಬಾರದಂತೆ. ಹೊಸದು ಹಾಕಿಸಿದೆ. ಬ್ಯಾಟರಿ ತಂತಿ ಬಿಗಿ ಮಾಡಲು ಹೋಗಿ ಸ್ಪ್ಯಾನರ್ ತಗುಲಿ ಕಿಡಿ ಹಾರಿತು. ನಾನು ಹಿಂದಕ್ಕೆ ಹಾರಿದೆ. ಹಿಂದೆ ಗೊಬ್ಬರದ ಗುಂಡಿ ಇತ್ತು.

ನನ್ನ ಹೆಂಡತಿ ಶಾರದೆ ದೂರದಿಂದಲೇ ನೀರು ಎರಚಿದಳು. "ರೀ, ಹೊಸ ಗಾಡಿ ಕಣ್ರೀ. ಊರ ಕಣ್ಣು ಬಿದ್ದೈತೆ. ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಾಣ" ಎಂದಳು. ನಾನು ಉರಿದುಬಿದ್ದೆ. ಅವಳು ಕಟ್ಟಿದ್ದನ್ನು ಕಿತ್ತೆಸೆದೆ.

ಶೋರೂಮಿಗೆ ಫೋನ್ ಮಾಡಿದರೆ, "ಡೀಸೆಲ್ ಹಾಕ್ಸಿದೀರಾ ಸಾರ್?" ಎಂದರು. ಇಂಥ ಪ್ರಶ್ನೆಗೆ ವಿದ್ಯಾವಂತನೊಬ್ಬ ಏನು ಉತ್ತರ ಕೊಡಬೇಕೋ ಅದನ್ನೇ ಕೊಟ್ಟೆ. ಫೋನ್ ಇಟ್ಟುಬಿಟ್ಟರು.

ಆಗ ನನ್ನೊಳಗಿನ ಸಂಖ್ಯಾಶಾಸ್ತ್ರಜ್ಞ ಎಚ್ಚರಗೊಂಡ. ಗಾಡಿ ಯಾವಾಗ ನಿಲ್ಲುತ್ತದೆ? ಬಿಸಿಲಲ್ಲೇ? ಅಲ್ಲ. ಇಳಿಜಾರಿನಲ್ಲೇ? ಅಲ್ಲ. ಡೈರಿಗೆ ಹಾಲು ಒಯ್ಯುವವರು ಹೋದರು, ನಿಲ್ಲಲಿಲ್ಲ. ಕುರಿ ಹಿಂಡು ಹೋಯಿತು, ನಿಲ್ಲಲಿಲ್ಲ. ದೊಡ್ಡಪ್ಪ ಬಂದರೆ ಮಾತ್ರ ನಿಲ್ಲುತ್ತದೆ. ತಪ್ಪದೆ ನಿಲ್ಲುತ್ತದೆ! ಇಷ್ಟು ಶುದ್ಧವಾದ ಸಹಸಂಬಂಧವನ್ನು ನಾನು ಪಠ್ಯಪುಸ್ತಕದಲ್ಲೂ ಕಂಡಿರಲಿಲ್ಲ. ದೃಷ್ಟಿ ಎಂಬುದನ್ನು ಜೀವನವಿಡೀ ಅಲ್ಲಗಳೆದ ನಾನು, ಅದನ್ನು ವೈಜ್ಞಾನಿಕವಾಗಿ ಸಾಬೀತು ಮಾಡಿಬಿಟ್ಟಿದ್ದೆ. ಇದಕ್ಕಿಂತ ಕೋಪ ತರಿಸುವ ಸಂಗತಿ ಬೇರೆ ಇದೆಯೇ?

ಆ ಕೋಪದಲ್ಲೇ ಅನಾಹುತ ನಡೆಯಿತು. ಮರುದಿನ ದೊಡ್ಡಪ್ಪ ಬಂದರು, ಠಪ್ ಎಂದಿತು, ನಾನು ಕೂಗಿಬಿಟ್ಟೆ: "ದೊಡ್ಡಪ್ಪ, ನೀವು ಈ ದಾರೀಲಿ ಬರಬೇಡಿ! ನೀವು ನೋಡಿದ್ರೆ ಗಾಡಿ ನಿಲ್ಲುತ್ತೆ!"

ದೊಡ್ಡಪ್ಪ ಟವೆಲನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡರು. ತಿರುಗಿ, ಬಂದ ದಾರಿಯಲ್ಲೇ ಹೋದರು. ಮಾರನೆಯ ದಿನದಿಂದ ರಸ್ತೆ ಸುತ್ತಿ ಹೊಲಕ್ಕೆ ಹೋಗತೊಡಗಿದರು, ಆ ಮಂಡಿ ನೋವಿನಲ್ಲಿ.

"ದೊಡ್ಮಾವನ ಮೇಲೆ ಹೊರಿಸಿದ್ರಾ?" ಶಾರದೆ ಸಿಡಿದಳು. "ನಾನು ಊರ ಕಣ್ಣು ಅಂದೆ, ಅವರ ಕಣ್ಣು ಅಂದ್ನಾ?"

"ನಾನು ಹೇಳ್ತಿಲ್ಲ, ಲೆಕ್ಕ ಹೇಳ್ತಿದೆ."

"ಆ ಲೆಕ್ಕನೇ ಇವತ್ತು ನಿಮಗೆ ಮುದ್ದೆ ತಿರುವಿ ಹಾಕ್ಲಿ!"

ಅಂದು ನಾನು ಬ್ರೆಡ್ ತಿಂದೆ.

ನನ್ನ ಸಂಶೋಧನೆ ನನಗಿಂತ ವೇಗವಾಗಿ ಊರು ಸುತ್ತಿತು. ಮೇಷ್ಟ್ರೇ ಹೇಳಿದ ಮೇಲೆ ಕೇಳಬೇಕೇ! ಡೈರಿಯ ಹತ್ತಿರ ದೊಡ್ಡಪ್ಪ ಕಾಣಿಸಿಕೊಂಡರೆ ಒಬ್ಬ ತನ್ನ ಹೊಸ ಬೈಕಿಗೆ ಟಾರ್ಪಾಲು ಹೊದಿಸಿದ. ಇನ್ನೊಬ್ಬಳು ಹಾಲು ಕರೆಯುವ ಎಮ್ಮೆಯನ್ನು ಗೋಡೆಯ ಕಡೆ ತಿರುಗಿಸಿ ಕಟ್ಟಿದಳು. ಹಾರನಹಳ್ಳಿಯ ನೆಂಟರು ಗೃಹಪ್ರವೇಶಕ್ಕೆ ಕರೆಯಲು ಬಂದವರು, "ಯಜಮಾನ್ರು ಯಾಕೆ ಸುಮ್ನೆ ಆಯಾಸ ಮಾಡ್ಕೋತಾರೆ, ಮನೇಲೇ ಇರ್ಲಿ" ಎಂದರಂತೆ. ಆ ಮನೆಗೆ ಪಾಯ ಗುರುತು ಮಾಡಿಕೊಟ್ಟವರೇ ದೊಡ್ಡಪ್ಪ.

ಆ ಸಂಜೆ ಅವರು ನಮ್ಮ ಅಂಗಳಕ್ಕೆ ಬಂದರು. ಒಳಗೆ ಬರಲಿಲ್ಲ. ಟ್ರ್ಯಾಕ್ಟರ್ ಇದ್ದ ಕಡೆಗೆ ಬೆನ್ನು ಹಾಕಿ ನಿಂತೇ ಮಾತಾಡಿದರು.

"ಮೆಕ್ಯಾನಿಕ್ಕನ್ನ ಕರೆಸ್ಲಾ. ನನ್ನ ಕಣ್ಣು ಕೆಟ್ಟದೋ, ನಿನ್ನ ಗಾಡಿ ಕೆಟ್ಟದೋ, ನಾಕು ಜನರ ಮುಂದೆ ತೀರ್ಮಾನ ಆಗ್ಲಿ. ನಂದೇ ತಪ್ಪಾದ್ರೆ ನಾನು ಮನೆ ಬಿಟ್ಟು ಆಚೆ ಬರಾಕಿಲ್ಲ."

ಭಾನುವಾರ ತೋಟದಲ್ಲಿ ಜನ ಸೇರಿತು. ಬೈಕ್‌ಗಳನ್ನು ದೂರ ನಿಲ್ಲಿಸಿಯೇ ಬಂದಿದ್ದರು. ಮೆಕ್ಯಾನಿಕ್ ಶಂಕರ ಗಾಡಿ ಹತ್ತಿದ. ದೊಡ್ಡಪ್ಪ ಇಸ್ತ್ರಿ ಮಾಡಿದ ಪಂಚೆಯುಟ್ಟು ಬದುವಿನ ಮೇಲೆ ಬಂದು ನಿಂತು, ಟ್ರ್ಯಾಕ್ಟರನ್ನು ಕಣ್ಣು ಮಿಟುಕಿಸದೆ ನೋಡಿದರು. ಶಂಕರ ತಲೆಯಾಡಿಸಿ, "ನಮಸ್ಕಾರ ಯಜಮಾನ್ರೇ" ಎಂದು ಮುಂದೆ ಹೋದ. ಗಾಡಿ ನಿಲ್ಲಲಿಲ್ಲ. ಇನ್ನೊಂದು ಸುತ್ತು ಬಂದ. ನಿಲ್ಲಲಿಲ್ಲ!

ದೊಡ್ಡಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. ಜನ ನನ್ನ ಕಡೆ ತಿರುಗಿತು. ನನಗೆ ಮೈ ಉರಿಯಿತು.

"ಇಳಿಯಯ್ಯ! ನಾನು ಓಡಿಸಿ ತೋರಿಸ್ತೀನಿ!"

ಹತ್ತಿದೆ. ರೋಟವೇಟರ್ ಹಾಕಿದೆ. ಒಂದು ಸಾಲು ಹೋಗಿ ತಿರುಗಿದೆ. ದೊಡ್ಡಪ್ಪ ಮತ್ತೆ ಬದುವಿನ ಮೇಲೆ ಬಂದರು.

ಠಪ್!

"ನೋಡಿದ್ರಾ?" ಎಂದು ಗೆದ್ದವನಂತೆ ಕೂಗಿದೆ. "ನೋಡಿದ್ರಾ ಎಲ್ಲರೂ?"

"ನೋಡಿದ್ವಿ" ಎಂದಳು ಶಾರದೆ. "ನೀವ್ಯಾಕ್ರೀ ಎದ್ದು ನಿಂತ್ರಿ?"

"ಯಾರು ಎದ್ದರು? ನಾನು ಯಾರು ಬಂದರೂ ಏಳೋನಲ್ಲ! ನನಗೆ ಅಂಥ ಪಾಳೇಗಾರಿ ಪದ್ಧತಿಯಲ್ಲಿ ನಂಬಿಕೆ ಇಲ್ಲ! ನಾನು ಎದ್ದೇ ಇಲ್ಲ!"

ಇಷ್ಟನ್ನೂ ನಾನು ಟ್ರ್ಯಾಕ್ಟರಿನ ಮೇಲೆ ನಿಂತುಕೊಂಡು ಹೇಳಿದೆನಂತೆ. ಕೈಗಳೂ ಜೋಡಿಸಿದ್ದವಂತೆ.

ಶಂಕರ ತಲೆ ಕೆರೆದುಕೊಂಡ. "ಸಾರ್, ಗಾಡಿ ಕೊಟ್ಟ ದಿನವೇ ಹೇಳಿದ್ನಲ್ಲಾ. ಸೀಟ್ ಕೆಳಗೆ ಸ್ವಿಚ್ ಐತೆ. ರೋಟವೇಟರ್ ತಿರುಗೋವಾಗ ಸೀಟಿಂದ ಎದ್ರೆ ಇಂಜಿನ್ ಆಫ್. ಜನ ಹಿಂದಕ್ಕೆ ಬಿದ್ದು ಕೈಕಾಲು ಕಳ್ಕೋಬಾರ್ದು ಅಂತ."

ಹೇಳಿರಬಹುದು. ನಾನು ಆಗ ನಿಂಬೆಹಣ್ಣಿನೊಂದಿಗೆ ಹೋರಾಡುತ್ತಿದ್ದೆ. ಮಿಕ್ಕಂತೆ ಇಳಿಯುವ ಮುನ್ನ ಇಂಜಿನ್ ಆರಿಸುವ ಶಿಸ್ತು ನನ್ನದು. ಹಾಗಾಗಿ ಆ ಸ್ವಿಚ್ಚಿಗೆ ಕೆಲಸ ಕೊಟ್ಟವರು ದೊಡ್ಡಪ್ಪ ಒಬ್ಬರೇ.

ನಗು ತಡೆಯಲಾಗದೆ ದೊಡ್ಡಪ್ಪನ ಹೊಟ್ಟೆ ಅಲುಗತೊಡಗಿತು. "ಚಿಕ್ಕೋನಾಗಿದ್ದಾಗ ನಾನು ಬಂದ್ರೂ ಕೂತ್ಕೊಂಡೇ ಇರೋನು ಕಣ್ರಯ್ಯ ಇವನು. ಕಿವಿ ಹಿಂಡಿ ಹಿಂಡಿ ಎಬ್ಬಿಸ್ತಿದ್ದೆ. ಕಿವಿಗೆ ಇನ್ನೂ ಗ್ಯಾಪಕ ಐತೆ ನೋಡ್ರಿ!"

ಜನ ನಕ್ಕಿತು. ಅಂದು ಡೈರಿಯ ಹತ್ತಿರ ಟಾರ್ಪಾಲು ಹೊದಿಸಿದ್ದವನು ತನ್ನ ಬೈಕನ್ನು ತಾನೇ ತಳ್ಳಿಕೊಂಡು ಬಂದು ದೊಡ್ಡಪ್ಪನ ಎದುರು ನಿಲ್ಲಿಸಿ, "ನೋಡಿ ಯಜಮಾನ್ರೇ, ಚೆನ್ನಾಗೈತಾ?" ಎಂದ. ದೊಡ್ಡಪ್ಪ ಅದರ ಸುತ್ತ ಒಂದು ಸುತ್ತು ಬಂದು ಚೆನ್ನಾಗಿ ನೋಡಿಕೊಟ್ಟರು.

ನಾನು ಕ್ಷಮೆ ಕೇಳಿದೆ. ಆದರೆ ಎದ್ದದ್ದನ್ನು ಒಪ್ಪಲಿಲ್ಲ. ಸ್ವಿಚ್ಚು ಸಡಿಲವಾಗಿರಬಹುದು, ಗಾಡಿ ಗುಂಡಿಯಲ್ಲಿ ಎಗರಿರಬಹುದು, ಇಡೀ ಊರಿಗೆ ಒಟ್ಟಿಗೆ ಭ್ರಮೆಯಾಗಿರಬಹುದು. ವಿದ್ಯಾವಂತನಿಗೆ ಸಾಧ್ಯತೆಗಳಿಗೇನು ಬರ!

ಮರುದಿನ ಅಂತಿಮ ಪರೀಕ್ಷೆ ಮಾಡಿದೆ. ಯಾರಿಗೂ ಹೇಳದೆ, ಉದ್ದನೆಯ ಟವೆಲಿನಿಂದ ನನ್ನ ಸೊಂಟವನ್ನು ಸೀಟಿಗೆ ಕಟ್ಟಿಕೊಂಡು ಉಳುತ್ತಿದ್ದೆ. ದೊಡ್ಡಪ್ಪ ತೋಟದ ದಾರಿಯಲ್ಲೇ ಬಂದರು. ಎಷ್ಟೋ ದಿನಗಳ ಮೇಲೆ. ಇಂಜಿನ್ ನಿಲ್ಲಲಿಲ್ಲ. ಅವರು ನಿಂತರು.

"ಏನ್ಲಾ," ಎಂದು ಸದ್ದಿನ ಮೇಲೆ ಕೂಗಿದರು. "ದೊಡ್ಡೋರು ಬಂದ್ರೆ ಎದ್ದೇಳೋದನ್ನೂ ಬಿಟ್ಟ್ಯಾ? ನಿನಗಿಲ್ದಿದ್ರೂ ಗಾಡಿಗಾದ್ರೂ ಮರ್ಯಾದೆ ಐತೆ ಅಂದ್ಕೊಂಡಿದ್ದೆ!"

ಗಂಟು ಬಿಚ್ಚಲು ಹೋದೆ. ಯಾರೋ ಜಗ್ಗಿ ಎಳೆದಂತೆ ಬಿಗಿದುಕೊಂಡಿದ್ದರಿಂದ ಬಿಚ್ಚಲಾಗಲಿಲ್ಲ. ದೊಡ್ಡಪ್ಪನೇ ಬಂದು ಬಿಚ್ಚಬೇಕಾಯಿತು.

ಅವರು ಹೋದ ಮೇಲೆ ಅಂಗಿ ಎತ್ತಿ ನೋಡಿಕೊಂಡೆ. ಹೊಟ್ಟೆಯ ಮೇಲೆ ಟವೆಲಿನ ಬರೆ ಕೆಂಪಗೆ ಎದ್ದಿತ್ತು. ನಾನು ಏಳುತ್ತೇನೆ. ಅದೊಂದು ಮಾತ್ರ ಖಚಿತ.