ತಕ್ಕಡಿಯಲ್ಲಿ ತೂಗಿದ ಬೀಗರೂಟ

ನಮ್ಮ ಊಟದ ಹಾಸಿನ ಮೇಲೆ ತಲೆತಲಾಂತರದಿಂದ ನಡೆದುಬಂದ ಘೋರ ಅನ್ಯಾಯವನ್ನು ಅಳಿಸಿಯೇ ತೀರುತ್ತೇನೆಂದು ಪಣ ತೊಟ್ಟೆ! ನಾನೇನು ಸಾಮಾನ್ಯನೇ? ತರಾಜ್ ಪಟ್ಟಣದ ಅರ್ಧ ಜನಕ್ಕೆ ಭಾಗಾಕಾರ ಕಲಿಸಿ ನಿವೃತ್ತನಾದ ಮೇಷ್ಟ್ರು!

ಇದಕ್ಕೆಲ್ಲ ಕಾರಣ, ಅಲ್ಮಾಟಿ ಮಹಾನಗರದಿಂದ ಬಂದಿದ್ದ ಒಬ್ಬ ಸಂಶೋಧಕಿ. ಜನ ಯಾವುದನ್ನು ನ್ಯಾಯವೆನ್ನುತ್ತಾರೆಂದು ತಿಳಿಯಲು ಆಕೆ ನಮ್ಮ ಬೀದಿಯವರನ್ನು ಕೂರಿಸಿ ಒಂದು ಆಟ ಆಡಿಸಿದಳು. ಒಂದು ತಟ್ಟೆ ಮಿಠಾಯಿ. ಒಬ್ಬ ಪಾಲು ಮಾಡಬೇಕು. ಇನ್ನೊಬ್ಬ ಒಪ್ಪಿದರೆ ಇಬ್ಬರಿಗೂ ಮಿಠಾಯಿ. "ಬೇಡ" ಎಂದರೆ ಇಬ್ಬರಿಗೂ ಸೊನ್ನೆ! ಪಾಲು ಅನ್ಯಾಯವೆನಿಸಿದರೆ ಜನ ಬರಿಗೈಯಲ್ಲಿ ಹೋಗುತ್ತಾರೆಯೇ ಹೊರತು ಒಪ್ಪುವುದಿಲ್ಲವಂತೆ. "ಆದರೆ..." ಎಂದು ಆಕೆ ಮುಂದೇನೋ ಶುರುಮಾಡಿದಳು. ಅಷ್ಟರಲ್ಲಿ ನನಗೆ ಜ್ಞಾನೋದಯವಾಗಿತ್ತು, ಎದ್ದು ಬಂದುಬಿಟ್ಟೆ.

ಮರುವಾರವೇ ಕಿರಿಯ ಮಗಳು ಕರ್ಲಿಗಾಶಳ ಮದುವೆಯ ದಿನ ಗೊತ್ತುಮಾಡಲು ಬೀಗರು ಬರುವವರಿದ್ದರು. ಬೀಗರೆಂದ ಮೇಲೆ ಕುರಿ. ನಮ್ಮಲ್ಲಿ ಕುರಿ ಹಂಚುವುದೆಂದರೆ ಪಟ್ಟಾಭಿಷೇಕವಿದ್ದಂತೆ: ತಲೆ ಅತಿ ಹಿರಿಯ ಅತಿಥಿಗೆ, ಸೊಂಟದ ಮೂಳೆ ಆಮೇಲಿನ ಗಣ್ಯರಿಗೆ, ಎದೆಯ ಭಾಗ ಅಳಿಯಂದಿರಿಗೆ. ತಲೆ ಪಡೆದ ಹಿರಿಯರು ಅದರ ಕಿವಿ ಕೊಯ್ದು, ಹೇಳಿದ ಮಾತು ಕೇಳಲಿ ಎಂದು ಮನೆಯ ಮಕ್ಕಳಿಗೆ ಕೊಡುತ್ತಾರೆ.

"ಈ ಸಲ ಮೂಳೆ ಇಲ್ಲ! ಎಲ್ಲರಿಗೂ ಸಮಪಾಲು!" ಎಂದು ಸಾರಿದೆ.

ಹೆಂಡತಿ ರೈಖಾನ್ ಹಿಟ್ಟು ಲಟ್ಟಿಸುತ್ತಿದ್ದಳು. "ರೀ, ಬೀಗರು ಬರ್ತಿರೋದು ಊಟಕ್ಕೆ, ನಿಮ್ಮ ಲೆಕ್ಕದ ಪರೀಕ್ಷೆಗಲ್ಲ."

"ನ್ಯಾಯ ಕಣೇ, ನ್ಯಾಯ!"

"ನ್ಯಾಯಾನಾ? ಹಾಗಾದ್ರೆ ಪಾತ್ರೆ ತೊಳೆಯೋದ್ರಿಂದ ಶುರು ಮಾಡಿ."

ಪಾತ್ರೆಯ ವಿಷಯ ಸಂಶೋಧನೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ತಿಳಿಸಿದೆ. ಬೆಂದ ಮಾಂಸವನ್ನೆಲ್ಲ ಮೂಳೆಯಿಂದ ಬಿಡಿಸಿ, ತಕ್ಕಡಿಯಲ್ಲಿ ತೂಗಿ, ಬೇರೆ ಬೇರೆ ತಟ್ಟೆಗೆ ಹಾಕಿದೆ. ಯಾವ ತಟ್ಟೆಯಲ್ಲಾದರೂ ಚೂರು ಹೆಚ್ಚಾದರೆ ನಾನೇ ಬಾಯಿಗೆ ಹಾಕಿಕೊಂಡೆ. ನ್ಯಾಯಕ್ಕಾಗಿ ಅಷ್ಟೂ ತ್ಯಾಗ ಮಾಡಬೇಡವೇ!

ಬೀಗರು ಬಂದರು. ವರನ ಅಜ್ಜ ಓರಿನ್‌ಬೆಕ್ ಗೌರವದ ಜಾಗದಲ್ಲಿ ಕೂತರು; ಪಕ್ಕದಲ್ಲಿ ವರನ ಸೋದರತ್ತೆ ಕುಲಾಶ್; ಸಾಲಿನ ಕೊನೆಯಲ್ಲಿ ಅವರ ಕಾರಿನ ಡ್ರೈವರ್. ತಟ್ಟೆಗಳು ಬಂದವು. ಯಾರೂ ಕೈ ಹಾಕಲಿಲ್ಲ!

"ಮೇಷ್ಟ್ರೇ, ನಿಮ್ಮ ಕುರಿಗೆ ತಲೆ ಇರಲಿಲ್ವಾ?" ಎಂದರು ಅಜ್ಜ.

"ಇತ್ತು ಅಜ್ಜಾ. ಒಂದೇ ತಲೆ ನೋಡಿ, ಸಮನಾಗಿ ಹಂಚೋಕೆ ಬರಲ್ಲ..."

ಕುಲಾಶ್ ತಟ್ಟೆ ತಳ್ಳಿದರು. "ನಮ್ಮಪ್ಪನೂ ಕಾರಿನ ಡ್ರೈವರೂ ಒಂದೇನಾ? ಮಗಳಿಗೂ ಇದೇ ಮರ್ಯಾದೆ ಕಲಿಸಿದೀರಾ?"

ಪಾಪ, ಡ್ರೈವರನೂ ನಾಚಿ ತಟ್ಟೆ ತಳ್ಳಿದ. ಆಮೇಲೆ ಉಳಿದವರೆಲ್ಲ. ಥೇಟ್ ಮಿಠಾಯಿ ಆಟ! ಅವರಿಗೂ ಸೊನ್ನೆ, ನನಗೂ ಸೊನ್ನೆ. ಮದುವೆಯ ಮಾತು ಎತ್ತುವವರೇ ಇಲ್ಲ. ಬಾಗಿಲ ಮರೆಯಲ್ಲಿ ಕರ್ಲಿಗಾಶಳ ಕಣ್ಣು ತುಂಬಿತ್ತು.

ಆಗ ರೈಖಾನ್ ದೊಡ್ಡ ಹರಿವಾಣ ಹೊತ್ತು ಬಂದಳು. ಸಾರಿಗೆಂದು ಎತ್ತಿಟ್ಟಿದ್ದ ಬೋಳು ಮೂಳೆಗಳು, ಮೇಲೆ ಕುರಿಯ ತಲೆ!

"ತಪ್ಪು ತಿಳ್ಕೋಬೇಡಿ ಅಜ್ಜಾ. ನಮ್ಮ ಯಜಮಾನ್ರು ಮಾಂಸಾನ ಮುಂದೆ ಕಳಿಸಿದ್ರು, ಮರ್ಯಾದೆ ಹಿಂದಿನಿಂದ ಬರ್ತಿದೆ."

ಅಜ್ಜ ಗಹಗಹಿಸಿ ನಕ್ಕು ತಲೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಕುಲಾಶರಿಗೆ ಸೊಂಟದ ಮೂಳೆ ಸಿಕ್ಕಿತು. ಕಚ್ಚಲು ಅದರಲ್ಲಿ ಏನೂ ಇರಲಿಲ್ಲ! ಆದರೂ ಅವರ ಮುಖ ಅರಳಿತು. "ಹಾಂ, ಇದು ನ್ಯಾಯ!" ಸಂಶೋಧಕಿಯ "ಆದರೆ..." ಏನಿತ್ತೆಂದು ಆಗ ನನಗೆ ಹೊಳೆಯಿತು: ನ್ಯಾಯವೆಂದರೆ ಎಲ್ಲ ಕಡೆಯೂ ಸಮಪಾಲೇ ಅಲ್ಲ!

ಊಟ ಸಾಗಿತು, ಸುಗ್ಗಿ ಮುಗಿದ ಮೇಲೆ ಮದುವೆಯೆಂದು ದಿನವೂ ಗೊತ್ತಾಯಿತು. ಅಜ್ಜ ಚಾಕು ತೆಗೆದು ಕಿವಿ ಕೊಯ್ದರು. ನನ್ನ ಮೊಮ್ಮಕ್ಕಳು ಕೈ ಚಾಚಿದರು. ಅಜ್ಜನ ಕೈ ಅವರನ್ನು ದಾಟಿ ನನ್ನ ಮುಂದೆ ಬಂದು ನಿಂತಿತು.

"ತಗೊಳ್ಳಿ ಮೇಷ್ಟ್ರೇ."

ತಲೆ ತಗ್ಗಿಸಿ ತೆಗೆದುಕೊಂಡೆ. ಹಿಂದಿನಿಂದ ರೈಖಾನಳ ಧ್ವನಿ:

"ಅಜ್ಜಾ, ಆ ಇನ್ನೊಂದು ಕಿವೀನೂ ಅವರಿಗೇ ಕೊಟ್ಬಿಡಿ. ಇದರಲ್ಲಿ ಸಮಪಾಲು ಬೇಡ!"