ಚಿಕ್ಕಪ್ಪನ ಮಾಸದ ಶಾಯಿ

ನಮ್ಮ ಚಿಕ್ಕಪ್ಪನ ಹತ್ತಿರ ಬಿಳಿ ಪಂಚೆ, ಬಿಳಿ ಗೋಡೆ, ಬಿಳಿ ಬೆಕ್ಕು ಯಾವುದೂ ಸುಳಿಯಬಾರದು! ಸುಳಿಯಿತೋ, ಅದರ ಕತೆ ಮುಗಿಯಿತು. ಬಣ್ಣದ ಕಾರ್ಖಾನೆಯಿಂದ ನಿವೃತ್ತರಾಗಿ ಕೃಷ್ಣಮೂರ್ತಿಪುರಂನ ನಮ್ಮ ಮನೆಗೆ ಬಂದ ಮೇಲೆ ಅವರಿಗೆ ಹತ್ತಿದ್ದು ಒಂದೇ ಹುಚ್ಚು: ಕಂಪ್ಯೂಟರ್ ಪ್ರಿಂಟರಿಗೆ ಎಂದೂ ಮಾಸದ ಶಾಯಿ ತಯಾರಿಸುವುದು.

ಹುಚ್ಚಿಗೆ ಕಾರಣವಿತ್ತು. ತೀರಿಕೊಂಡ ಚಿಕ್ಕಮ್ಮನದು ಅಂತ ಉಳಿದಿದ್ದುದು ಒಂದೇ ಕಲರ್ ಫೋಟೋ. ಅಂಗಡಿಯಲ್ಲಿ ಅದರ ಪ್ರಿಂಟ್ ತೆಗೆಸಿ ಗೋಡೆಗೆ ಹಾಕಿದರೆ, ಮುಂದಿನ ದಸರೆಯೊಳಗೆ ಹಣೆಯ ಕುಂಕುಮವೇ ಮಾಯ. "ಇದು ಶಾಯಿಯಲ್ಲ ಕಣೋ, ಬಣ್ಣದ ನೀರು," ಎಂದು ಹಲ್ಲು ಕಡಿದು, ಅಂದೇ ಬಣ್ಣ ಅರೆಯಲು ಕೂತರು.

ಆದರೆ ಬಾಳುವ ಶಾಯಿ ಪ್ರಿಂಟರಿನ ಸಣ್ಣ ತೂತುಗಳಲ್ಲಿ ಕಟ್ಟಿಕೊಳ್ಳುತ್ತಿತ್ತು. ಸಲೀಸಾಗಿ ಇಳಿದ ಶಾಯಿ ಬಾಳುತ್ತಿರಲಿಲ್ಲ. ನುಣ್ಣಗೆ ಸೋಸಲು ಅಮ್ಮನ ಕಾಫಿ ಫಿಲ್ಟರೇ ಬೇಕಾಯಿತು. ಮರುದಿನ ನಾವೆಲ್ಲ ನೇರಳೆ ಬಣ್ಣದ ಕಾಫಿಯ ಮುಂದೆ ಕೂತೆವು. ಅಮ್ಮ ಹುಣಸೆಹಣ್ಣು ಹಾಕಿ ಉಜ್ಜಿ ಸೋತಳು. "ನಿಮ್ಮ ಚಿಕ್ಕಪ್ಪನ ಶಾಯಿ ಕಾಗದದ ಮೇಲೆ ನಿಲ್ಲಲ್ಲ, ನನ್ನ ಫಿಲ್ಟರ್ ಬುಟ್ಟು ಹೋಗಲ್ಲ."

ವರ್ಷಗಳು ಹೀಗೇ ಹೋದವು. ಪ್ರಿಂಟರುಗಳು ಒಂದರ ಹಿಂದೊಂದು ಪ್ರಾಣ ಬಿಟ್ಟವು. ನಮಗಂತೂ ನಕ್ಕು ನಕ್ಕು ನಗುವುದೂ ಬೇಸರವಾಗಿತ್ತು.

ಕೊನೆಗೊಂದು ಬೇಸಿಗೆ ಶಾಯಿ ಕಟ್ಟದೆ ಇಳಿಯಿತು. ಇನ್ನು ಬಿಸಿಲಿನ ಪರೀಕ್ಷೆ. ತಾರಸಿಯ ಮೇಲೆ ಹೊಸ ಪ್ರಿಂಟನ್ನೂ ಪಕ್ಕದಲ್ಲೇ ಅಸಲು ಫೋಟೋವನ್ನೂ ಹಲಗೆಗೆ ಅಂಟಿಸಿಟ್ಟರು. "ಹೋಲಿಸಿ ನೋಡೋಕೆ ಎರಡೂ ಒಂದೇ ಬೆಳಕಲ್ಲಿ ಇರ್ಬೇಕು ಕಣೋ, ಅದು ಕಾರ್ಖಾನೆ ಪದ್ಧತಿ." ಕಂಪ್ಯೂಟರಿನಲ್ಲಿದ್ದ ಪ್ರತಿ? ಹೊಸ ಪ್ರಿಂಟ್ ಬಂದ ದಿನವೇ, ಜಾಗ ಸಾಲದೆಂದು ಅಳಿಸಿದ್ದರು.

ಬೇಸಿಗೆ ಮುಗಿದ ಮೇಲೆ ಹಲಗೆ ಹೊತ್ತು ಸೀದಾ ಅಡುಗೆಮನೆಗೇ ಬಂದರು. "ನೋಡಿ ಅತ್ತಿಗೆ, ಗೆದ್ಬುಟ್ಟೆ. ಎರಡಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ."

ನಿಜ, ಇರಲಿಲ್ಲ. ಎರಡರಲ್ಲೂ ಚಿಕ್ಕಮ್ಮ ಒಂದೇ ಸಮ ಬೆಳ್ಳಗಾಗಿದ್ದರು. ಅಸಲೂ ನಕಲೂ ಜೊತೆಜೊತೆಗೆ ಮಾಸಿದ್ದವು. ದಿನಾ ನೋಡುತ್ತಿದ್ದ ಚಿಕ್ಕಪ್ಪನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ನಮ್ಮ ಮುಖ ನೋಡಿ ಅವರಿಗೂ ಹೊಳೆಯಿತು. ಹಲಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇದ್ರಲ್ಲಿ ಅವಳು ಉಟ್ಟಿದ್ದ ಸೀರೆ ಯಾವ ಬಣ್ಣ ಇತ್ತು?"

ಏನಾದರೂ ಹೇಳಲೇಬೇಕಿತ್ತು.

"ಹಸಿರು," ಎಂದೆ ನಾನು. "ನೀಲಿ," ಎಂದಳು ಅಮ್ಮ, ಅದೇ ಗಳಿಗೆಯಲ್ಲಿ.

ಚಿಕ್ಕಪ್ಪ ನಮ್ಮಿಬ್ಬರನ್ನೂ ನೋಡಿದರು. ಅಮ್ಮನ ಕಣ್ಣು ತುಂಬಿತ್ತು. ಹಲಗೆಯನ್ನು ಮೆಲ್ಲನೆ ಗೋಡೆಗೆ ಒರಗಿಸಿದರು.

"ಬುಡಿ ಅತ್ತಿಗೆ," ಎಂದರು. "ಎರಡೂ ಅವಳಿಗೆ ಒಪ್ತಿತ್ತು."